ಕುದುರೆಮುಖದ ಗುಡ್ಡ ಬೋಳಲ್ಲ, ದಯವಿಟ್ಟು ಅಲ್ಲಿ ಬೀಜದುಂಡೆ ಎಸೆಯಬೇಡಿ

ಕಳೆದ ವಾರ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ಮಳೆ ಶುರುವಾದ ಕೂಡಲೇ ಎಲ್ಲರೂ ಕುದುರೆಮುಖಕ್ಕೆ ಹೋಗಿ, ಮರವಿಲ್ಲದ ಗುಡ್ಡಗಳ ಮೇಲೆ ಬೀಜದುಂಡೆ, ಅಂದರೆ ಮಣ್ಣಿನಲ್ಲಿ ಮರದ ಬೀಜ ಸೇರಿಸಿ ಕಟ್ಟಿದ ಉಂಡೆ, ಎಸೆದು ಬರೋಣ ಅಂತ. ಕಳಿಸಿದವರ ಮನಸ್ಸು ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಅದನ್ನು ಓದಿ ಹೊಟ್ಟೆ ಕಿವುಚಿದಂತಾಯಿತು.

ಆ ಗುಡ್ಡಗಳಲ್ಲಿ ಮರ ಇಲ್ಲದಿರುವುದು ಯಾರೋ ಕಡಿದದ್ದಕ್ಕಲ್ಲ. ನೆತ್ತಿಯ ಮೇಲೆ ಗಾಳಿ ಜೋರು, ಮಣ್ಣಿನ ಪದರ ತೆಳು. ಅಲ್ಲಿ ಹುಲ್ಲೇ ಗಟ್ಟಿಯಾಗಿ ಬೇರು ಬಿಟ್ಟು ನಿಲ್ಲುತ್ತದೆ. ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಣ್ಣು ಆಳ, ತೇವ ಜಾಸ್ತಿ. ಮರಗಳು ಒತ್ತೊತ್ತಾಗಿ ಬೆಳೆಯುವುದು ಅಲ್ಲೇ. ಅದೇ ಶೋಲಾ ಕಾಡು. ದೂರದಿಂದ ನೋಡಿದರೆ ಹಸಿರು ಕಂಬಳಿಯ ಮಡಿಕೆಗಳಲ್ಲಿ ಕಪ್ಪು ನೂಲು ತುಂಬಿದಂತೆ ಕಾಣುತ್ತದೆ. ಹುಲ್ಲು, ಶೋಲಾ ಎರಡೂ ಸೇರಿದರೇನೇ ಕುದುರೆಮುಖ.

ಎರಡು ವರ್ಷದ ಹಿಂದೆ ನವೆಂಬರ್‌ನಲ್ಲಿ ಮುಳ್ಳೋಡಿ ಕಡೆಯಿಂದ ಹತ್ತಿದ್ದೆ. ಒಂದು ಗಂಟೆ ಬಿಸಿಲಲ್ಲಿ ಹುಲ್ಲಿನ ನಡುವೆ ನಡೆದು, ಒಂದೇ ಹೆಜ್ಜೆಗೆ ಶೋಲಾದ ಒಳಗೆ ಕಾಲಿಟ್ಟೆವು. ಯಾರೋ ಬಾಗಿಲು ಮುಚ್ಚಿದ ಹಾಗೆ ಗಾಳಿಯ ಸದ್ದು ನಿಂತಿತು. ಮೈ ತಣ್ಣಗಾಯಿತು. ಮರದ ಕಾಂಡಗಳಿಗೆಲ್ಲ ಪಾಚಿ, ಕಾಲಡಿ ಕೊಳೆತ ಎಲೆಯ ಮೆತ್ತೆ. ಮಳೆ ನಿಂತು ಸುಮಾರು ದಿನವಾಗಿತ್ತು, ಆದರೂ ಎಲೆ ಸರಿಸಿ ಬೆರಳು ಊರಿದರೆ ಒದ್ದೆ ಮಣ್ಣು. ಪಕ್ಕದಲ್ಲೇ ಕಲ್ಲಿನ ಸಂದಿಯಿಂದ ಬೆರಳು ದಪ್ಪದ ನೀರು ಹರಿಯುತ್ತಿತ್ತು. ಮೇಲೆ ಬೋಳಾಗಿ ಕಾಣುತ್ತಾ ಬಂದ ಗುಡ್ಡದ ನೀರೇ ಅದು.

ನಮ್ಮ ಜೊತೆಗಿದ್ದ ಒಬ್ಬರು, "ಇಷ್ಟು ಜಾಗ ಖಾಲಿ ಬಿದ್ದಿದೆಯಲ್ಲ, ಮರ ನೆಡಬಾರದಾ?" ಅಂದರು. ಗೈಡ್ ಆಗಿ ಬಂದಿದ್ದ ಆ ಊರಿನ ಹುಡುಗ ತಟ್ಟನೆ ತಿರುಗಿ, "ಖಾಲಿ ಎಲ್ಲಿದೆ ಸರ್? ಕಡವೆ, ಕಾಟಿ ಮೇಯೋದು ಎಲ್ಲಿ ಮತ್ತೆ?" ಅಂದ. ಅವರು ಮಾತಾಡಲಿಲ್ಲ.

ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುವ ಜಾಗ ಇದು. ಹುಲ್ಲು ಮಣ್ಣನ್ನು ಹಿಡಿದಿಡದಿದ್ದರೆ, ಶೋಲಾ ನೀರನ್ನು ಸ್ವಲ್ಪ ಸ್ವಲ್ಪವೇ ಬಿಡದಿದ್ದರೆ ಗುಡ್ಡವೇ ತೊಳೆದು ಹೋಗುತ್ತದೆ. ಇಲ್ಲಿನ ಗಂಗಾಮೂಲವನ್ನೇ ನಮ್ಮ ಹಿರಿಯರು ತುಂಗಾ, ಭದ್ರಾ, ನೇತ್ರಾವತಿ ಮೂರರ ಹುಟ್ಟು ಅಂತ ಹೇಳಿಕೊಂಡು ಬಂದದ್ದು. ತುಂಗಾ, ಭದ್ರಾ ಕೂಡ್ಲಿಯಲ್ಲಿ ಸೇರಿ ಪೂರ್ವದ ಬಯಲು ಸೀಮೆಗೆ ಹೋಗುತ್ತವೆ. ನೇತ್ರಾವತಿ ಪಶ್ಚಿಮಕ್ಕೆ ತಿರುಗಿ ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ಶಿವಮೊಗ್ಗದವರ ನಲ್ಲಿಗೂ ಮಂಗಳೂರಿನವರ ನಲ್ಲಿಗೂ ಈ ಹುಲ್ಲಿನ ಋಣ ಇದೆ, ಅಲ್ವಾ?

1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಜಾಗ ರಾಷ್ಟ್ರೀಯ ಉದ್ಯಾನವಾಯಿತು. ಆದರೂ ಕಬ್ಬಿಣದ ಅದಿರಿನ ಗಣಿ ನಡೆದೇ ಇತ್ತು. ಮಳೆಗಾಲದಲ್ಲಿ ಭದ್ರೆಗೆ ಹೂಳು ಹರಿಯುತ್ತಿತ್ತು. ಎಷ್ಟೋ ಜನ ವರ್ಷಗಟ್ಟಲೆ ಹೋರಾಡಿದರು, 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಗುಡ್ಡವನ್ನು ಪ್ರೀತಿಯ ಹೆಸರಲ್ಲಿ ನಾವೇ ಕೆಡಿಸಬಾರದು.

ಇನ್ನು ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕೋತಿ ಅದು. ಬದುಕೆಲ್ಲ ಮರದ ಮೇಲೇ. "ಮರ ಬೆಳೆಸಿದರೆ ಅದಕ್ಕೂ ಒಳ್ಳೆಯದಲ್ಲವಾ?" ಅಂತ ಒಬ್ಬರು ಕೇಳಿದರು. ಅದಕ್ಕೆ ಬೇಕಿರುವುದು ತಲೆಯ ಮೇಲೆ ಕೊಂಬೆಗೆ ಕೊಂಬೆ ತಾಗುವ, ವರ್ಷವಿಡೀ ಹಣ್ಣು ಸಿಗುವ ಹಳೆಯ ನಿತ್ಯಹಸಿರು ಕಾಡು. ನಾವು ಎಸೆದ ಬೀಜದಿಂದ ಅದು ಹುಟ್ಟುವುದಿಲ್ಲ. ಮಲೆನಾಡಿನ ಎಷ್ಟೋ ಗುಡ್ಡಗಳಲ್ಲಿ ಅಕೇಶಿಯಾ ನೆಟ್ಟದ್ದನ್ನು ನೋಡಿದ್ದೇವಲ್ಲ. ಅದರಡಿ ಒಣ ಎಲೆಯ ರಾಶಿ ಬಿಟ್ಟರೆ ಏನಿದೆ?

ಗುಂಪಿನಲ್ಲಿ ಇಷ್ಟೂ ಬರೆದೆ. ಇಬ್ಬರಿಗೆ ಬೇಜಾರಾಗಿದೆ, ಗೊತ್ತು. ಮಾಡಿಟ್ಟ ಬೀಜದುಂಡೆ ಹಾಳಾಗುವುದು ಬೇಡ. ನಮ್ಮ ಬಡಾವಣೆಯ ಪಾರ್ಕಿನ ಹಿಂದೆ ಕಸ ಸುರಿಯುವ ಜಾಗ ಇದೆಯಲ್ಲ, ಭಾನುವಾರ ಬೆಳಿಗ್ಗೆ ಏಳಕ್ಕೆ ಅಲ್ಲಿಗೆ ತನ್ನಿ. ಹಾರೆ, ಬುಟ್ಟಿ ನಾನು ತರುತ್ತೇನೆ.