ಎದೆ ಭಾರಕ್ಕೆ ಇಸಿಜಿ ತೆಗೆದರು

ಗೋವಾದ ಝುವಾರಿನಗರದ ನಮ್ಮ ಓಣಿಯಲ್ಲಿ ಗದಗ ಕಡೆಯ ಅಕ್ಕ ಒಬ್ಬರಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಎಂಟು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ‘ಎದೆ ಭಾರವಾಗಿದೆ, ಯಾವುದೂ ಬೇಡವೆನಿಸುತ್ತದೆ’ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಅರೆಬರೆ ಹಿಂದಿಯಲ್ಲಿ ಹೇಳುವಾಗ ಅದು ‘ಛಾತಿ ಮೇ ದರ್ದ್’, ಅಂದರೆ ಎದೆನೋವು ಆಯಿತು. ಇಸಿಜಿ ತೆಗೆದರು. ಎರಡು ಸಲ. ‘ನಿಮಗೆ ಏನೂ ಆಗಿಲ್ಲ’ ಎಂದು ಕಳಿಸಿದರು.

ಆ ಮಾತಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಹೃದಯ ಪರೀಕ್ಷಿಸಿದ್ದು ಸರಿಯೇ. ಥೈರಾಯ್ಡ್ ಕೊರತೆ, ರಕ್ತಹೀನತೆ ಇದ್ದರೂ ಹೀಗೆ ಸೋತು ಹೋಗಬಹುದು, ಅವನ್ನೂ ನೋಡಬೇಕು. ಆದರೆ ವರದಿಯಲ್ಲಿ ದೋಷವಿಲ್ಲವೆಂದ ಮೇಲೆ ‘ಹಾಗಾದರೆ ನಿದ್ದೆ ಯಾಕಮ್ಮ ಬರುತ್ತಿಲ್ಲ’ ಎಂದು ಒಬ್ಬರಾದರೂ ಕೇಳಬೇಡವೇ? ಅಕ್ಕನ ಗಂಡನಿಗೆ ಗುತ್ತಿಗೆದಾರ ಮೂರು ತಿಂಗಳ ಕೂಲಿ ಕೊಟ್ಟಿಲ್ಲ. ಮಗಳು ಊರಿನಲ್ಲಿ ಅಜ್ಜಿಯ ಬಳಿ ಇದ್ದಾಳೆ. ಜೋಳದ ರೊಟ್ಟಿ ಬಡಿಯುವುದನ್ನೇ ಬಿಟ್ಟು, ಪಾವ್ ತಂದು ದಿನ ನೂಕುತ್ತಿದ್ದಾರೆ. ಇದೆಲ್ಲ ಆ ಕಾಯಿಲೆಯ ಒಳಗಿನದೇ.

ಕೊನೆಗೆ ಒಬ್ಬ ಮನೋವೈದ್ಯರು ಖಿನ್ನತೆಯೆಂದು ಗುರುತಿಸಿ ಮಾತ್ರೆ ಬರೆದುಕೊಟ್ಟರು. ಅಕ್ಕ ಎಂಟನೆಯ ದಿನಕ್ಕೆ ನಿಲ್ಲಿಸಿಬಿಟ್ಟರು! ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೊದಲಿಗೆ ಹೊಟ್ಟೆ ತೊಳಸಬಹುದು, ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು, ವೈದ್ಯರನ್ನು ಕೇಳದೆ ಬಿಡಬಾರದು. ಇಷ್ಟನ್ನು ಅವರಿಗೆ ಕನ್ನಡದಲ್ಲಿ ಹೇಳುವವರು ಇರಲಿಲ್ಲ.

ಇದೇ ಗೋವಾ ಇಡೀ ಜಗತ್ತಿಗೆ ದಾರಿ ತೋರಿಸಿದೆ ಎಂದು ನೆನೆದಾಗ ಹೊಟ್ಟೆ ಇನ್ನಷ್ಟು ಉರಿಯುತ್ತದೆ. 1996ರಲ್ಲಿ ಇಲ್ಲಿ ಆರಂಭವಾದ ‘ಸಂಗಾತ್’ ಸಂಸ್ಥೆ, ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಮಾಲೋಚಕರನ್ನಾಗಿ ಕೂರಿಸಿತು. ಆರರಿಂದ ಎಂಟು ಭೇಟಿ. ಹಿಂದೆ ಮನಸ್ಸಿಗೆ ಹಿತ ಕೊಡುತ್ತಿದ್ದ ಕೆಲಸಗಳನ್ನು ಸ್ವಲ್ಪ ಸ್ವಲ್ಪವೇ ದಿನಚರಿಗೆ ಮರಳಿ ತರುವುದು ಅದರ ತಿರುಳು. 2017ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಈ ನೆರವು ಸಿಕ್ಕವರಲ್ಲಿ ಶೇ 64 ಮಂದಿ ಮೂರು ತಿಂಗಳಲ್ಲಿ ಖಿನ್ನತೆಯಿಂದ ಹೊರಬಂದಿದ್ದರು, ಸಿಗದವರಲ್ಲಿ ಶೇ 39 ಮಾತ್ರ.

ಹಾಗಿದ್ದರೆ ಬೈನಾದಲ್ಲಿ, ಝುವಾರಿನಗರದಲ್ಲಿ ಓದಿಕೊಂಡಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳಿಗೆ ಈ ತರಬೇತಿ ಏಕೆ ಕೊಡಬಾರದು? ಗೋವಾದ ಕನ್ನಡ ಸಂಘಗಳನ್ನು ಕೈಮುಗಿದು ಕೇಳುತ್ತೇನೆ: ರಾಜ್ಯೋತ್ಸವದ ವೇದಿಕೆಗೆ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಎತ್ತಿಡಿ. ಅಲ್ಲಿಯವರೆಗೆ 14416 ಇದೆ. ಅದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ; ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು.

ಅಕ್ಕ ವೈದ್ಯರನ್ನು ಮತ್ತೆ ಕಂಡು ಮಾತ್ರೆ ಶುರು ಮಾಡಿ ಐದು ವಾರವಾಯಿತು. ಈಗ ನಾಲ್ಕೈದು ಗಂಟೆ ನಿದ್ದೆ ಬರುತ್ತಿದೆ. ಹೋದ ಭಾನುವಾರ ನಾಲ್ಕು ರೊಟ್ಟಿ ಬಡಿದು ನಮ್ಮ ಮನೆಗೂ ಒಂದನ್ನು ಕಳಿಸಿದ್ದರು. ಕೂಲಿ ಮಾತ್ರ ಇನ್ನೂ ಬಂದಿಲ್ಲ. ಗುರುವಾರ ನಾನು ಶಾಲೆಗೆ ರಜೆ ಹಾಕಿ, ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುತ್ತಿದ್ದೇನೆ. ಅಲ್ಲಿನ ಅರ್ಜಿ, ಕಾಗದಪತ್ರಗಳ ಬಗ್ಗೆ ತಿಳಿದವರು ಇದ್ದರೆ ದಯವಿಟ್ಟು ಬರೆಯಿರಿ.