ಕಂಬದ ಮೇಲಿನ ವಿಮಾನ ಬೇಡ, ಸೂರಿನಡಿಯ ವಿಮಾನ ಬೇಕು

ಸೋಗಾನೆಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ, ಶಿವಮೊಗ್ಗಕ್ಕೂ ಒಂದು ಹಳೆ ಯುದ್ಧವಿಮಾನ ತಂದು ಸರ್ಕಲ್ಲಿನಲ್ಲಿ ನಿಲ್ಲಿಸಿದರೆ ಎಷ್ಟು ಚೆನ್ನ ಅನ್ನುವವರಿಗೆ ಈ ಬರಹ. ನನ್ನ ಮಾತು ನೇರ. ಸೂರಿಲ್ಲದೆ ತರುವುದಾದರೆ ತರಲೇಬೇಡಿ. ನಮ್ಮ ಮಳೆಗೆ ಒಡ್ಡಿ ನಿಲ್ಲಿಸಿದ ವಿಮಾನ ಕೆಲವೇ ವರ್ಷಗಳಲ್ಲಿ ವಿಮಾನದ ಆಕಾರದ ತಗಡಾಗಿ ಉಳಿಯುತ್ತದೆ. ವರ್ಷಕ್ಕೊಮ್ಮೆ ಬಣ್ಣ ಹೊಡೆಸಿದರೆ ಹೊರಗಿನಿಂದ ಹೊಸದರ ಹಾಗೆ ಕಾಣುತ್ತದೆ, ಒಳಗೆ ತಿಂದು ಹೋಗಿರುತ್ತದೆ. ಹಳೆ ಕಾರು, ಬಸ್ಸು, ರ‍್ಯಾಲಿ ಜೀಪಿಗೂ ಇದೇ ಮಾತು.

ಇದು ತಿಳಿಯಬೇಕಾದರೆ ಒಳ್ಳೆಯ ಮ್ಯೂಸಿಯಂ ಒಂದನ್ನು ಬರೀ ಫೋಟೊ ತೆಗೆಯದೆ ನೋಡಬೇಕು. ಇಂಗ್ಲೆಂಡಿನ ವೇಬ್ರಿಜ್ ಹತ್ತಿರದ ಬ್ರೂಕ್‌ಲ್ಯಾಂಡ್ಸ್ ಅಂಥದ್ದು. ಹ್ಯೂ ಲಾಕ್ ಕಿಂಗ್ ಅನ್ನುವ ಜಮೀನ್ದಾರ ತನ್ನ ಜಮೀನಿನಲ್ಲೇ, ತನ್ನ ದುಡ್ಡಿನಲ್ಲೇ ಕಟ್ಟಿಸಿದ ಕಾಂಕ್ರೀಟ್ ರೇಸ್ ಟ್ರ್ಯಾಕ್ ಅದು, 1907ರಲ್ಲಿ ತೆರೆಯಿತು. ಒಂದು ಸುತ್ತಿಗೆ 4.4 ಕಿ.ಮೀ., ಅಗಲ 100 ಅಡಿ, ತಿರುವಿನಲ್ಲಿ ಹೊರ ಅಂಚು ಸುಮಾರು 29 ಅಡಿ ಮೇಲಕ್ಕೆ ಎದ್ದಿತ್ತು. ಅದೇ ಆವರಣದಲ್ಲಿ ವಿಮಾನದ ಪ್ರಯೋಗಗಳೂ ನಡೆದವು, ಆಮೇಲೆ ವಿಕರ್ಸ್, ಹಾಕರ್‌ನಂಥ ಕಂಪನಿಗಳು ಅಲ್ಲಿ ಬೇರೂರಿದವು. 1939ರಲ್ಲಿ ಓಟ ನಿಂತಿತು. ಯುದ್ಧಕಾಲದಲ್ಲಿ ವಿಮಾನ ಕಟ್ಟುವ ಕೆಲಸಕ್ಕೆ ಟ್ರ್ಯಾಕನ್ನೇ ಅಲ್ಲಲ್ಲಿ ಕಡಿದರು. ಓಟ, ಹಾರಾಟ ಎರಡೂ ಒಂದೇ ಮ್ಯೂಸಿಯಂನಲ್ಲಿ ಸೇರಿರುವುದು ಹೀಗೆ.

ಅಲ್ಲಿ ಎರಡು ವಸ್ತುಗಳನ್ನು ನಿಂತು ನೋಡಬೇಕು. ಮೊದಲನೆಯದು ನೇಪಿಯರ್ ರೈಲ್ಟನ್ ಕಾರು. ಅದರ ಬಾನೆಟ್ಟಿನ ಕೆಳಗಿರುವುದು ಕಾರಿನ ಎಂಜಿನ್ನಲ್ಲ, ನೇಪಿಯರ್ ಲಯನ್ ಎಂಬ ವಿಮಾನದ ಎಂಜಿನ್. ನಾಲ್ಕು ನಾಲ್ಕರ ಮೂರು ಸಾಲಿನಲ್ಲಿ ಹನ್ನೆರಡು ಸಿಲಿಂಡರು, ಒಟ್ಟು ಸುಮಾರು 24 ಲೀಟರ್. ನಮ್ಮ ಮಾರುತಿ 800ರ ಎಂಜಿನ್ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಅನ್ನುವುದನ್ನು ನೆನೆದರೆ ಇದರ ಗಾತ್ರ ಕಣ್ಣಿಗೆ ಕಟ್ಟೀತು. 1935ರಲ್ಲಿ ರೇಸ್ ಚಾಲಕ ಜಾನ್ ಕಾಬ್ ಇದನ್ನು ಅದೇ ಟ್ರ್ಯಾಕಿನಲ್ಲಿ ಗಂಟೆಗೆ 143.44 ಮೈಲಿ, ಅಂದರೆ 230 ಕಿ.ಮೀ. ಮೀರಿದ ಸರಾಸರಿಯಲ್ಲಿ ಒಂದು ಸುತ್ತು ಓಡಿಸಿದ. ಮುಂದಿನ ಗಾಲಿಗಳಿಗೆ ಬ್ರೇಕೇ ಇಲ್ಲ, ಹಿಂದಿನವಕ್ಕೆ ಮಾತ್ರ.

ಎರಡನೆಯದು ವೆಲಿಂಗ್ಟನ್ ಬಾಂಬರ್. 1940ರ ಡಿಸೆಂಬರ್ 31ರಂದು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರಕ್ಕೆ ಬಿದ್ದ ವಿಮಾನ ಅದು, 1985ರಲ್ಲಿ ಎತ್ತಿ ತಂದರು. ಬಾರ್ನ್ಸ್ ವಾಲಿಸ್ ವಿನ್ಯಾಸದ ಅದರ ಮೈ ಬುಟ್ಟಿ ಹೆಣೆದಂತಿದೆ. ಅಡ್ಡ ಉದ್ದ ಓರೆಯಾಗಿ ಹೊಸೆದ ಅಲ್ಯುಮಿನಿಯಂ ಮಿಶ್ರಲೋಹದ ಪಟ್ಟಿಗಳು, ಮೇಲೆ ಬಟ್ಟೆಯ ಹೊದಿಕೆ. ನಲವತ್ನಾಲ್ಕು ವರ್ಷಕ್ಕೂ ಮೀರಿ ನೀರಿನಲ್ಲಿದ್ದೂ ಗುರುತು ಸಿಗುವಷ್ಟು ಉಳಿದಿತ್ತು. ಹೇಗೆ ಅಂದರೆ ನೀರು ತಣ್ಣಗಿತ್ತು, ಸಿಹಿಯಾಗಿತ್ತು, ಉಪ್ಪಿರಲಿಲ್ಲ, ಬಿಸಿಲು ತಟ್ಟಲಿಲ್ಲ. ಲೋಹವನ್ನು ಹೆಚ್ಚು ಕೊಲ್ಲುವುದು ಒಂದೇ ಸಮ ನೀರಿನಲ್ಲಿ ಮುಳುಗಿರುವುದಲ್ಲ. ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುವ ಸರದಿ. ನಮ್ಮ ಊರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಕ್ಕೆ ನಾಲ್ಕು ಸಲ ನಡೆಯುವುದು ಅದೇ ಸರದಿ.

ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ ಏಳು ಸಾವಿರ ಮಿ.ಮೀ. ಸುರಿಯುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲವಲ್ಲ ಅನ್ನಬಹುದು. ಯಂತ್ರಕ್ಕೆ ಮಳೆಯ ಅಳತೆಗಿಂತ ಗಾಳಿಯಲ್ಲಿರುವ ತೇವದ ಅಳತೆ ಮುಖ್ಯ. ತೇವಾಂಶ ಶೇ. 60 ದಾಟಿದರೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಏರುತ್ತದೆ. ಗಾಳಿ 24 ಡಿಗ್ರಿ, ತೇವಾಂಶ ಶೇ. 85 ಇದ್ದರೆ, 21 ಡಿಗ್ರಿಗಿಂತ ತಣ್ಣಗಿರುವ ಲೋಹ ಬೆವರುತ್ತದೆ. ರಾತ್ರಿ ತಣಿದ ಎಂಜಿನ್ ಬ್ಲಾಕು ಬೆಳಿಗ್ಗೆ ಒಂಬತ್ತರವರೆಗೂ ತಣ್ಣಗೇ ಇರುತ್ತದೆ. ಮಳೆಗಾಲದ ಬೆಳಿಗ್ಗೆ ಗಾಳಿಯಾಡಲಿ ಎಂದು ಶೆಡ್ಡಿನ ಬಾಗಿಲು ಹಾರುಹೊಡೆದರೆ ಒಳಗಿನ ಕಬ್ಬಿಣದ ಮೇಲೆಲ್ಲ ನೀರು ಕೂರುವುದು ಇದಕ್ಕೇ. ಅಡಿಕೆಗೆ ಬೂಷ್ಟು ಹಿಡಿಯುವ ದಿನಗಳಲ್ಲಿ ಕಾರ್ಬುರೇಟರಿಗೂ ಹಿಡಿಯುತ್ತದೆ.

ವಿಮಾನದ ಕಷ್ಟ ಇನ್ನೂ ಸೂಕ್ಷ್ಮ. ವಿಮಾನದ ಹಲವು ಭಾಗಗಳ ಅಲ್ಯುಮಿನಿಯಂನಲ್ಲಿ ಶೇ. 4ರಷ್ಟು ತಾಮ್ರ ಬೆರೆತಿರುತ್ತದೆ. ಅದರಿಂದ ಬಲ ಬರುತ್ತದೆ, ತುಕ್ಕಿಗೆ ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯುಮಿನಿಯಂನ ತೆಳು ಪದರ ಹಾಯಿಸಿರುತ್ತಾರೆ. ಹಳೆ ಬಣ್ಣ ತೆಗೆಯಲು ಗ್ರೈಂಡರ್ ಇಟ್ಟರೆ, ಮರಳುಕಾಗದ ಹಾಕಿ ಗಸಗಸ ತಿಕ್ಕಿದರೆ, ಹೋಗುವುದು ಆ ಪದರವೇ. ಇನ್ನು ಉಕ್ಕಿನ ಬೋಲ್ಟು ಅಲ್ಯುಮಿನಿಯಂಗೆ ತಾಗಿದ ಕಡೆ ತೇವ ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಆಗಿಬಿಡುತ್ತದೆ, ಅಲ್ಯುಮಿನಿಯಂ ಕರಗುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ, ರಿವೆಟ್ಟಿನ ತಲೆಯ ಸುತ್ತ ಉಬ್ಬಿದ ಬಣ್ಣ ಕಂಡರೆ ಒಳಗೆ ಕೆಲಸ ಶುರುವಾಗಿದೆ ಎಂದೇ ಅರ್ಥ. ಅದರ ಮೇಲೆ ಇನ್ನೊಂದು ಕೋಟು ಬಣ್ಣ ಬಳಿದರೆ ತೇವ ಒಳಗೇ ಬೀಗ ಹಾಕಿಕೊಂಡು ಕೂರುತ್ತದೆ.

ವಿಮಾನದ ಹೊಟ್ಟೆಯ ಕೆಳಗೆ, ರೆಕ್ಕೆಯ ತಗ್ಗಿನಲ್ಲಿ ಪೆನ್ಸಿಲ್ ದಪ್ಪದ ತೂತುಗಳಿರುತ್ತವೆ. ಒಳಗೆ ಇಳಿದ ನೀರು ಹೊರಗೆ ಹೋಗಲೆಂದು ವಿನ್ಯಾಸ ಮಾಡಿದವರೇ ಇಟ್ಟ ತೂತುಗಳು. ಬಣ್ಣ ಹೊಡೆಯುವವರು ಅದನ್ನು ದೋಷ ಎಂದು ತಿಳಿದು ಪುಟ್ಟಿ ಮೆತ್ತಿ ಮುಚ್ಚುತ್ತಾರೆ. ಅಲ್ಲಿಗೆ ವಿಮಾನದ ಹೊಟ್ಟೆ ಕೊಡಪಾನ ಆಯಿತು. ಮುಚ್ಚದಿದ್ದರೂ ಮರದ ಎಲೆ, ಪಾಚಿ, ಹಕ್ಕಿಗೂಡಿನ ಕಸ ಬಂದು ಕಟ್ಟುತ್ತದೆ.

ಇನ್ನೊಂದು ಶತ್ರು ನಮ್ಮ ಮನೆ ಕಿಟಕಿಯಲ್ಲೇ ಇದೆ, ಕುಂಬಾರ ಹುಳ. ಜೆಟ್ ವಿಮಾನದ ಮೂತಿಯಿಂದಲೋ ರೆಕ್ಕೆಯಿಂದಲೋ ಮುಂದಕ್ಕೆ ಚಾಚಿದ ಈಟಿಯಂಥ ಕೊಳವೆಯನ್ನು ನೋಡಿರುತ್ತೀರಿ. ಎದುರು ಗಾಳಿಯ ಒತ್ತಡದಿಂದ ವೇಗ ಅಳೆಯುವ ಪಿಟೋ ಟ್ಯೂಬು ಅದು. ಅದರ ತುದಿಯ ಕಿರಿದಾದ ತೂತು ಈ ಹುಳಕ್ಕೆ ಕಟ್ಟಿಟ್ಟ ಮನೆಯ ಹಾಗೆ. ಒದ್ದೆ ಮಣ್ಣಿನ ಉಂಡೆ ಒಂದೊಂದಾಗಿ ತರುತ್ತದೆ, ಮೊಟ್ಟೆ ಇಡುತ್ತದೆ, ಮರಿಹುಳ ತಂದು ಒಳಗೆ ತುರುಕಿ ಬಾಯಿ ಮೆತ್ತುತ್ತದೆ. ಹಾರುವ ವಿಮಾನದಲ್ಲಿ ಇದು ಪ್ರಾಣಕ್ಕೇ ಸಂಚಕಾರ, ಅದಕ್ಕೇ ನೆಲದ ಮೇಲಿರುವಾಗ ಕೆಂಪು ಪಟ್ಟಿ ತೂಗುವ ಮುಚ್ಚಳ ಹಾಕಿರುತ್ತಾರೆ. ಪ್ರದರ್ಶನಕ್ಕಿಟ್ಟ ವಿಮಾನದಲ್ಲಿ ಅದೇ ಮಣ್ಣು ತೇವ ಹೀರಿಕೊಂಡು ಕೊಳವೆಯನ್ನು ಒಳಗಿನಿಂದ ತಿನ್ನುತ್ತದೆ. ಎರಡು ಪದರ ದಪ್ಪ ಹತ್ತಿ ಬಟ್ಟೆಯ ಚೀಲ ಹೊಲಿದು ಕಟ್ಟಿದರೆ ಸಾಕು. ಪ್ಲಾಸ್ಟಿಕ್ ಕಟ್ಟಬೇಡಿ, ಒಳಗೆ ಬೆವರುತ್ತದೆ.

ಪೈಲಟ್ಟಿನ ತಲೆ ಮೇಲಿನ ಪಾರದರ್ಶಕ ಗುಮ್ಮಟ ಸಾಮಾನ್ಯವಾಗಿ ಗಾಜಲ್ಲ, ಅಕ್ರಿಲಿಕ್. ಅದನ್ನು ಥಿನ್ನರ್, ಪೆಟ್ರೋಲು, ಕಿಟಕಿ ಒರೆಸುವ ಸ್ಪ್ರೇ ಹಾಕಿ ಒರೆಸಿದರೆ ಜೇಡರ ಬಲೆಯಂಥ ಬಿರುಕು ಬಿಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಮೊದಲು ಧಾರಾಳ ನೀರು ಬಿಟ್ಟು ಧೂಳು ತೊಳೆಯಬೇಕು, ಆಮೇಲೆ ತೆಳು ಸೋಪಿನ ನೀರು, ಮೆತ್ತನೆಯ ಹತ್ತಿ ಬಟ್ಟೆ. ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ಪಂಪನ್ನು ವಿಮಾನದ ಹತ್ತಿರ ತರಲೇಬಾರದು. ತಗಡಿನ ಜೋಡಣೆಯ ಸಂದಿಗೆ ಅದು ನೀರು ನುಗ್ಗಿಸುತ್ತದೆ. ಜನರಿಗೆ ಕಾಕ್‌ಪಿಟ್ ತೋರಿಸುವ ಮುಂಚೆ ಅಪಾಯದಲ್ಲಿ ಪೈಲಟ್ಟನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಷನ್ ಸೀಟಿನ ಮದ್ದನ್ನು ತಜ್ಞರಿಂದ ತೆಗೆಸಿರಬೇಕು. ಕತ್ತಲಲ್ಲಿ ಹೊಳೆಯುವ ಹಳೆಯ ಡಯಲುಗಳ ಬಣ್ಣದಲ್ಲಿ ವಿಕಿರಣ ಸೂಸುವ ರೇಡಿಯಂ ಇರಬಹುದು, ಅವನ್ನು ಯಾರೂ ಬಿಚ್ಚಬಾರದು. ಇವೆರಡರಲ್ಲಿ ರಾಜಿ ಇಲ್ಲ.

ಶಿವಮೊಗ್ಗದಿಂದ ನೋಡಿ ಬರುವಂಥದ್ದು ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ನಮ್ಮ ನೆಲದಲ್ಲೇ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್ ಯುದ್ಧವಿಮಾನ ಅಲ್ಲಿದೆ. ಎದುರಿಗೆ ನಿಂತು ಸೆಲ್ಫಿ ತೆಗೆದಾದ ಮೇಲೆ ಬಗ್ಗಿ ಹೊಟ್ಟೆ ನೋಡಿ. ಟೈರಿನ ಮೇಲೆ ಭಾರ ಬಿದ್ದಿದೆಯೋ, ಜಾಕಿನ ಜಾಗದಲ್ಲಿ ಸ್ಟ್ಯಾಂಡು ಕೊಟ್ಟು ಭಾರ ಎತ್ತಿದ್ದಾರೋ ನೋಡಿ. ಕಾರ್ಖಾನೆ ಬರೆದ ಸಣ್ಣ ಅಕ್ಷರದ ಸೂಚನೆಗಳು ಉಳಿದಿವೆಯೋ, ಬಣ್ಣದಡಿ ಹೂತು ಹೋಗಿವೆಯೋ ಹುಡುಕಿ. ಆ ಅಕ್ಷರಗಳು ಹೋದರೆ ವಿಮಾನದ ಅರ್ಧ ಚರಿತ್ರೆ ಹೋದ ಹಾಗೆ. ಕಬ್ಬನ್ ಪಾರ್ಕಿನ ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿರುವ ರೈಟ್ ಸಹೋದರರ ವಿಮಾನ ಪ್ರತಿಕೃತಿ, ಆದರೆ ಪೂರ್ಣ ಅಳತೆಯದು. ಮಕ್ಕಳಿಗೆ ಹಾರಾಟದ ತತ್ವ ತೋರಿಸಲು ಅದೇ ಹೆಚ್ಚು ಅನುಕೂಲ. ಹಳೆ ಕಾರಿಗೆ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಮ್ಯೂಸಿಯಂ ಇದೆ, ಧರ್ಮಸ್ಥಳದ ಸಂಗ್ರಹ ಇದೆ. ಕಾರಿನ ಕೆಳಗೆ ಎಣ್ಣೆ ಹಿಡಿಯುವ ತಟ್ಟೆ ಇಟ್ಟಿದ್ದರೆ ಬೇಸರ ಬೇಡ, ಎಂಜಿನ್ನಿನಲ್ಲಿ ಎಣ್ಣೆ ಇದೆ, ನೋಡಿಕೊಳ್ಳುವವರಿದ್ದಾರೆ ಎಂಬ ಗುರುತು ಅದು.

ಮನೆಯಲ್ಲೇ ಹಳೆ ಜೀಪು, ಅಂಬಾಸಿಡರ್, ಜಾವಾ ಇಟ್ಟುಕೊಂಡವರಿಗೂ ಕೆಲವು ಮಾತು. ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ ಎಂಜಿನ್ ಆಯಿಲ್ ಮೊದಲೇ ಬದಲಿಸಿ, ಓಡಿದ ಆಯಿಲಿನಲ್ಲಿ ಆಮ್ಲ ಮತ್ತು ನೀರು ಸೇರಿರುತ್ತವೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲು ತೇವ ಎಳೆದುಕೊಳ್ಳುತ್ತದೆ, ಕಾರ್ಬುರೇಟರಿನ ಬಟ್ಟಲು ಪೂರ್ತಿ ಖಾಲಿ ಮಾಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಆಯಿಲ್ ಬಿಟ್ಟು ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಪ್ಲಗ್ ಹಾಕಿ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಲೈನರ್ ಡ್ರಮ್ಮಿಗೆ ಕಚ್ಚುತ್ತದೆ. ಗಾಲಿಗೆ ಮರದ ತುಂಡು ಕೊಡಿ. ಕ್ಲಚ್ ಪೆಡಲು ಒತ್ತಿ ರೀಪರ್ ತುಂಡು ಸಿಕ್ಕಿಸಿಟ್ಟರೆ ಪ್ಲೇಟು ಫ್ಲೈವೀಲಿಗೆ ಅಂಟುವುದಿಲ್ಲ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಬಿಟ್ಟುಬಿಡಿ. ಹೊಗೆಯಲ್ಲಿರುವ ನೀರು ಸೈಲೆನ್ಸರಿನಲ್ಲೇ ನಿಂತು ಅದನ್ನು ಒಳಗಿನಿಂದ ತೂತು ಮಾಡುತ್ತದೆ. ಓಡಿಸಿದರೆ ಅರ್ಧ ಗಂಟೆ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ಇಲ್ಲವಾದರೆ ಮುಟ್ಟಬೇಡಿ. ಟಾರ್ಪಾಲು ಬಿಗಿದು ಸುತ್ತುವುದಕ್ಕಿಂತ ಹತ್ತಿಯ ಹೊದಿಕೆ ಮೇಲು.

ಸೂರು ಹೇಗಿರಬೇಕು ಎನ್ನುವುದಕ್ಕೆ ಹೊರದೇಶ ನೋಡಬೇಕಾಗಿಲ್ಲ, ನಮ್ಮ ಹಳೆ ಮನೆಗಳೇ ಸಾಕು. ಎರಡಡಿ ಎತ್ತರದ ಪಾಯ, ಗೋಡೆಯಿಂದ ನಾಲ್ಕಡಿ ಹೊರಚಾಚಿದ ಮಾಡು, ಪಡುವಣದಿಂದ ಬರುವ ಇರಚಲಿಗೆ ಅಡ್ಡವಾಗಿ ತಟ್ಟಿ. ಇದಕ್ಕೆ ಸೇರಿಸಬೇಕಾದದ್ದು ಮೂರೇ. ನೆಲದ ಕಾಂಕ್ರೀಟಿನ ಕೆಳಗೆ 250 ಮೈಕ್ರಾನ್ ಪಾಲಿಥೀನ್ ಹಾಳೆ, ತಗಡಿನ ಮಾಡಾದರೆ ಕೆಳಗೆ ಬೆವರು ತಡೆಯುವ ಪದರ, ಮಳೆಗಾಲದಲ್ಲಿ ಬಾಗಿಲು ಮುಚ್ಚಿ ತೇವ ಹೀರುವ ಯಂತ್ರ ಓಡಿಸಲು ನಿಲ್ಲದ ಕರೆಂಟು. ಮಾರುತ್‌ನಂಥ ವಿಮಾನ ಸುಮಾರು 16 ಮೀಟರ್ ಉದ್ದ, ರೆಕ್ಕೆ 9 ಮೀಟರ್ ಅಗಲ. ಸುತ್ತ ಜನ ಓಡಾಡಲು ಜಾಗ ಬಿಟ್ಟರೂ 22ಕ್ಕೆ 15 ಮೀಟರಿನ ಶೆಡ್ಡು ಸಾಕು. ಕಲ್ಯಾಣ ಮಂಟಪಕ್ಕಿಂತ ದೊಡ್ಡದೇನಲ್ಲ. ಕೆಲಸಕ್ಕೆ ಕೈ ಬೇಕೆಂದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಲೇತ್, ಟಿಂಕರಿಂಗ್ ಬಲ್ಲವರಿದ್ದಾರೆ, ಭದ್ರಾವತಿಯಲ್ಲಿ ಕಬ್ಬಿಣದ ಗುಣ ಬಲ್ಲ ನಿವೃತ್ತರಿದ್ದಾರೆ.

ಆ ಶೆಡ್ಡು ಎದ್ದರೆ ಒಳಗೆ ಮೊದಲು ಬರಬೇಕಾದದ್ದು ವಿಮಾನವೂ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿ, 2020ರವರೆಗೆ ಓಡಿಸಿದ ಸಹಕಾರ ಸಾರಿಗೆಯ ಒಂದು ಬಸ್ಸು ಬರಲಿ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ಓಡಿದ ಒಂದು ರ‍್ಯಾಲಿ ಕಾರು ಬರಲಿ, ಗಾಲಿಯ ಕಮಾನಿನೊಳಗಿನ ಕಲ್ಲೇಟು ಹಾಗೇ ಇರಲಿ, ಪುಟ್ಟಿ ಹಾಕಿ ಮುಚ್ಚುವುದು ಬೇಡ. ಆಮೇಲೆ ವಿಮಾನ.

ಈಗಾಗಲೇ ಬಯಲಿನಲ್ಲಿ ನಿಂತ ವಿಮಾನ ಯಾವುದಾದರೂ ನಿಮ್ಮ ಶಾಲೆಯ, ಸಂಸ್ಥೆಯ ಸುಪರ್ದಿಯಲ್ಲಿದ್ದರೆ ಮುಂಗಾರಿಗೆ ಮುಂಚೆ ಒಂದು ಕೆಲಸ ಮಾಡಿ. ತೋಟದಲ್ಲಿ ಹುಲ್ಲು ಹೊಡೆಯುವ ಯಂತ್ರದ ನೈಲಾನ್ ದಾರ ಎಲ್ಲರ ಮನೆಯಲ್ಲೂ ಇದೆ. ಅದರ ಒಂದು ಮೊಳ ತುಂಡು ಹಿಡಿದು ಹೊಟ್ಟೆಯ ಕೆಳಗಿನ ಪ್ರತಿ ತೂತಿಗೂ ತೂರಿಸಿ ತಿರುಗಿಸಿ. ಕಬ್ಬಿಣದ ತಂತಿ ಬೇಡ, ಗೀರು ಬೀಳುತ್ತದೆ. ಕೆಳಗೆ ಬಕೆಟ್ ಇಟ್ಟುಕೊಳ್ಳಿ, ಹಿಂದಿನ ವರ್ಷದ ಮಳೆನೀರು ಇನ್ನೂ ಒಳಗಿದ್ದೀತು.