ಮುಖ ನೋಡಿದ್ದಾಯ್ತು, ಒಮ್ಮೆ ಅಂಗಿ ನೋಡಿ

ಹಳೆಯ ಡಚ್ ಚಿತ್ರಗಳಲ್ಲಿ ನನಗೆ ತುಂಬಾ ಇಷ್ಟವಾದವು ಹಿಂಡೆಲೋಪನ್ ಊರಿನ ಉಡುಗೆ ತೊಟ್ಟ ಹೆಂಗಸರ ಚಿತ್ರಗಳು. ನೆದರ್ಲೆಂಡ್ಸ್‌ನ ಉತ್ತರಕ್ಕೆ, ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ, ನೀರಂಚಿನಲ್ಲಿರುವ ಪುಟ್ಟ ಊರದು. 19ನೇ ಶತಮಾನದಲ್ಲಿ ಕ್ರಿಸ್ಟೋಫೆಲ್ ಬಿಸ್ಖೋಪ್ ಎಂಬ ಚಿತ್ರಕಾರ ಈ ಉಡುಗೆಗೆ ಮನಸೋತು ಮತ್ತೆ ಮತ್ತೆ ಬರೆದ.

ಇಂಥ ಚಿತ್ರ ಕಂಡಾಗೆಲ್ಲ ಜನ 'ಅಪ್ಪಟ ಡಚ್ ಉಡುಗೆ' ಅನ್ನುತ್ತಾರೆ. ಈ ಮಾತಿಗೆ ನನ್ನ ತಕರಾರಿದೆ.

ಹಿಂಡೆಲೋಪನ್ ಹೆಂಗಸರು ಮೇಲೆ ತೊಡುವ, ಮುಂದೆ ತೆರೆದಿರುವ ಉದ್ದನೆಯ ಅಂಗಿಗೆ ವೆಂಟ್ಕೆ ಅಂತ ಹೆಸರು. ಹಳೆಯ ವೆಂಟ್ಕೆಗಳಲ್ಲಿ ಎಷ್ಟೋ ನಮ್ಮ ದೇಶದ ಪೂರ್ವ ಕರಾವಳಿಯ, ಅಂದರೆ ಕೋರಮಂಡಲ ತೀರದ ಹತ್ತಿ ಬಟ್ಟೆಯವು. ನಾವು ಕಲಂಕಾರಿ ಅನ್ನುತ್ತೇವಲ್ಲ, ಅದೇ ಕುಲದ ಕೆಲಸ. ಬಟ್ಟೆಯನ್ನು ಅಳಲೆಕಾಯಿ ರಸ, ಎಮ್ಮೆ ಹಾಲಿನಲ್ಲಿ ನೆನೆಸಿ ಒಣಗಿಸಬೇಕು. ಬಿದಿರಿನ ಕಲಮಿನಲ್ಲಿ ಗೆರೆ ಎಳೆಯಬೇಕು. ಕೆಂಪು ಬೇಕಾದ ಕಡೆ ಪಟಿಕದ ನೀರು ಬಳಿದು, ಚಾಯ್ ಎಂಬ ಗಿಡದ, ಕೆಂಪು ಬಣ್ಣ ಕೊಡುವ ಬೇರಿನ ಜೊತೆ ಕುದಿಸಬೇಕು. ನೀಲಿ ಹತ್ತಬಾರದ ಜಾಗಕ್ಕೆಲ್ಲ ಮೇಣ ಮೆತ್ತಿ, ನೀಲಿ ತೊಟ್ಟಿಯಲ್ಲಿ ಅದ್ದಬೇಕು. ಆಮೇಲೆ ಮೇಣ ತೆಗೆದು, ತೊಳೆದು, ಬಿಸಿಲಿಗೆ ಹರವಬೇಕು. ಒಂದು ಹೂವಿನ ಹಿಂದೆ ಎಷ್ಟು ಕೈಗಳ ದುಡಿಮೆ! ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ಯುರೋಪ್ ಮರುಳಾಗಿದ್ದೇ ಅದಕ್ಕೆ.

ಮರುಳು ಎಷ್ಟು ಜಾಸ್ತಿಯಾಯಿತೆಂದರೆ ತಮ್ಮ ನೇಕಾರರು ಮುಳುಗುತ್ತಾರೆ ಅಂತ ಫ್ರಾನ್ಸ್ 1686ರಲ್ಲಿ ಈ ಬಟ್ಟೆಯನ್ನೇ ನಿಷೇಧಿಸಿತು. ಇಂಗ್ಲೆಂಡ್ ಕೂಡ 1721ರ ಹೊತ್ತಿಗೆ ತೊಡುವುದನ್ನೇ ತಡೆಯಿತು. ಡಚ್ಚರು ಮಾತ್ರ ನಿಷೇಧಿಸಲಿಲ್ಲ. 1602ರಲ್ಲಿ ಹುಟ್ಟಿದ ಅವರ ಈಸ್ಟ್ ಇಂಡಿಯಾ ಕಂಪನಿಗೆ ಅದರಲ್ಲಿ ಒಳ್ಳೆಯ ಲಾಭವಿತ್ತು. ಹಿಂಡೆಲೋಪನ್‌ನ ಗಂಡಸರು ಆಮ್‌ಸ್ಟರ್‌ಡ್ಯಾಮ್ ವರ್ತಕರ ಸರಕು ಹೊತ್ತು ನಾರ್ವೆ, ಬಾಲ್ಟಿಕ್ ಕಡೆ ಹಡಗು ನಡೆಸುವವರು. ಮನೆಯಲ್ಲಿ ದುಡ್ಡಿತ್ತು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಟ್ಟೆ ಸಿಗುತ್ತಿತ್ತು.

ಹಾಗಂತ 'ನೋಡಿ, ಇದು ನಮ್ಮದು' ಅಂತ ಎದೆ ತಟ್ಟಿಕೊಳ್ಳುವುದೂ ಸರಿಯಲ್ಲ. ಬಟ್ಟೆ ಇಲ್ಲಿಯದಾದರೂ ಅಂಗಿಯ ಹೊಲಿಗೆ ಅವರದು, ತೊಡುವ ಕಟ್ಟುಪಾಡೂ ಅವರದು. ಸಂತೋಷಕ್ಕೆ ಕೆಂಪು, ಸಾವಿನ ಮನೆಗೆ ನೀಲಿ ಅಂತ ಬಣ್ಣಕ್ಕೆ ಅರ್ಥ ಕೊಟ್ಟಿದ್ದು ಆ ಹೆಂಗಸರು. ಬಣ್ಣ ನೋಡಿಯೇ ಯಾರ ಮನೆಯಲ್ಲಿ ಸೂತಕ ಅಂತ ಊರಿಗೆ ಗೊತ್ತಾಗುತ್ತಿತ್ತು. ಎಂಥ ಚೆಂದ ಅಲ್ವಾ?

ನನಗೆ ಬೇಜಾರಾಗುವುದು ಚಿತ್ರದ ಕೆಳಗಿನ ಬರಹ ನೋಡಿ. ಚಿತ್ರಕಾರನ ಹೆಸರಿರುತ್ತದೆ, ಇಸವಿ ಇರುತ್ತದೆ, ಉಡುಗೆ ಯಾವ ಊರಿನದು ಅಂತಲೂ ಇರುತ್ತದೆ. ಬಟ್ಟೆಗೆ ಬಣ್ಣ ಹಾಕಿದವರ ಹೆಸರು ಈಗ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಅವರ ತೀರದ ಹೆಸರು ಗೊತ್ತಿದೆಯಲ್ಲ! ಚಿತ್ರದಲ್ಲಿರುವುದು ಅಂಥ ಬಟ್ಟೆ ಅಂತ ತಿಳಿದ ಕಡೆಯೆಲ್ಲ 'ಕೋರಮಂಡಲದಲ್ಲಿ ಕೈಯಿಂದ ಬರೆದ ಹತ್ತಿ ಬಟ್ಟೆ' ಅಂತ ಒಂದು ಸಾಲು ಸೇರಿಸಲಿ. ನಾವೂ ಇಂಥ ಚಿತ್ರ ಹಂಚಿಕೊಳ್ಳುವಾಗ ಆ ಸಾಲು ಬರೆಯೋಣ.